ತಣ್ಣೀರು ಧೋ ಎನ್ನುತ್ತದೆ, ಬಿಸಿನೀರು ಮಾತ್ರ ದಾರದಂತೆ

ಕಾಸರಗೋಡಿನ ಬದಿಯಡ್ಕದಿಂದ ಒಳಗೆ, ಅಡಿಕೆ ತೋಟದ ನಡುವೆ ನಮ್ಮ ಮನೆ. ಬಚ್ಚಲಿನಲ್ಲಿ ಹಂಡೆ ಇದ್ದಷ್ಟು ಕಾಲ ಬಿಸಿನೀರಿನ ರಭಸದ ಮಾತೇ ಇರಲಿಲ್ಲ. ತೆಂಗಿನ ಸಿಪ್ಪೆ ಉರಿಸಿ ಚೊಂಬು ಮುಳುಗಿಸಿದರಾಯಿತು. ಗೀಸರ್ ಬಂದ ಮೂರನೆಯ ವರ್ಷ, ಮಳೆ ಬಿಟ್ಟ ಹೊತ್ತಿಗೆ, ಬೇಸಿನ್ನಿನ ನಲ್ಲಿಯಲ್ಲಿ ಬಿಸಿನೀರು ಸೊರಗಿತು. ಹಂಡೆ ತೆಗೆಯಬೇಡ ಎಂದಿದ್ದ ಅಮ್ಮನಿಗೆ ಅಷ್ಟೇ ಸಾಕಾಯಿತು. ನಾನು ಗೀಸರಿನ ಮೇಲೆಯೇ ಸಂಶಯಪಟ್ಟು ಇಡೀ ಭಾನುವಾರ ಕಳೆದೆ. ತಪ್ಪು ಅಲ್ಲಿರಲಿಲ್ಲ.

ಪಾನಾ ಕೈಗೆತ್ತಿಕೊಳ್ಳುವ ಮೊದಲು ಮನೆಯ ನಲ್ಲಿಗಳನ್ನೆಲ್ಲ ತಿರುಗಿಸಿ ನೋಡಿ. ತಣ್ಣೀರೂ ಸೊರಗಿದ್ದರೆ ಟ್ಯಾಂಕಿನ ಎತ್ತರವನ್ನು ನೋಡಿ. 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ; ಹಂಚಿನ ಮನೆಯ ಪಕ್ಕದ ಮೋಟು ಕಟ್ಟೆಯ ಮೇಲೆ, ನಲ್ಲಿಗಿಂತ 2 ಮೀಟರ್ ಮೇಲೆ ಕುಳಿತ ಟ್ಯಾಂಕ್ ಕೊಡುವುದು 0.2 ಬಾರ್ ಮಾತ್ರ. ಎಲ್ಲ ನಲ್ಲಿಗಳಲ್ಲೂ ಬಿಸಿನೀರು ಮಾತ್ರ ಸೊರಗಿದ್ದರೆ ಗೀಸರಿಗೆ ತಣ್ಣೀರು ಹೋಗುವ ಬಾಯಿಯ ಸುರಕ್ಷತಾ ವಾಲ್ವ್ ಕಟ್ಟಿರಬಹುದು. ಅದನ್ನು ಬದಲಿಸಬಹುದು, ಆದರೆ ತೆಗೆದುಹಾಕಿ ನೇರ ಪೈಪ್ ಜೋಡಿಸಲೇಬೇಡಿ: ಒಳಗೆ ಒತ್ತಡ ಏರಿದರೆ ಹೊರಬರುವ ದಾರಿ ಅದೇ.

ಒಂದೇ ನಲ್ಲಿಯ ತಕರಾರಾದರೆ ಕಳ್ಳ ಹತ್ತಿರದಲ್ಲೇ ಇದ್ದಾನೆ. ಎಲ್ಲರೂ ಮೊದಲು ನಲ್ಲಿಯ ಮೂತಿಯ ಜಾಲರಿಯನ್ನು ಬಿಚ್ಚುತ್ತಾರೆ, ನಾನೂ ಬಿಚ್ಚಿದೆ. ಆದರೆ ಬಿಸಿನೀರು, ತಣ್ಣೀರು ಎರಡೂ ಒಂದೇ ಮೂತಿಯಿಂದ ಬರುವಾಗ ಜಾಲರಿ ಬಿಸಿನೀರನ್ನು ಮಾತ್ರ ತಡೆಯುವುದು ಹೇಗೆ? ಈ ಸರಳ ಲೆಕ್ಕ ಹೊಳೆಯಲು ನನಗೆ ಮಧ್ಯಾಹ್ನವಾಯಿತು.

ಬೆಳಿಗ್ಗೆ, ಗೀಸರ್ ಇನ್ನೂ ತಣ್ಣಗಿರುವಾಗ ಕೆಲಸ ಹಿಡಿಯಿರಿ. ಗೀಸರಿನ ಎಂಸಿಬಿ, ಅಂದರೆ ಕರೆಂಟು ಕಡಿಯುವ ಸ್ವಿಚ್, ಇಳಿಸಿ. ಬೇಸಿನ್ನಿನ ಕೆಳಗೆ, ಗೋಡೆಯ ಪೈಪಿನಿಂದ ನಲ್ಲಿಯ ಹೋಸಿಗೆ ನೀರು ಬಿಡುವ ಎರಡು ಆ್ಯಂಗಲ್ ಕಾಕ್‌ಗಳಲ್ಲಿ ಬಿಸಿ ಕಡೆಯದನ್ನು ಮುಚ್ಚಿ, ಹೋಸನ್ನು ಅದರಿಂದ ಬಿಚ್ಚಿ, ಬಕೆಟ್ ಒಡ್ಡಿ ಮೆಲ್ಲನೆ ತೆರೆಯಿರಿ. ನೀರು ಚಿಮ್ಮಿದರೆ ದೋಷ ಹೋಸಿನಲ್ಲೋ ನಲ್ಲಿಯೊಳಗೋ ಇದೆ. ಅಲ್ಲಿಯೂ ದಾರದಂತೆಯೇ ಬಂದರೆ ಕಾಕ್ ಬಿಚ್ಚಬೇಕು. ಅದಕ್ಕೆ ಮೊದಲು ಗೀಸರಿಗೆ ನೀರು ಬಿಡುವ ವಾಲ್ವನ್ನು (ಸುರಕ್ಷತಾ ವಾಲ್ವನ್ನಲ್ಲ) ಮುಚ್ಚಿ, ಪೈಪಿನಲ್ಲಿ ಉಳಿದ ನೀರನ್ನು ಬಕೆಟಿಗೆ ಹರಿಯಬಿಡಿ.

ನಮ್ಮ ಕಾಕ್‌ನ ಹೊಟ್ಟೆಯಲ್ಲಿ ಸಿಕ್ಕಿದ್ದು ಊದಿಕೊಂಡು ಸ್ಪಿಂಡಲಿನಿಂದ (ಹಿಡಿಯೊಡನೆ ತಿರುಗುವ ಕಡ್ಡಿಯಿಂದ) ಕಳಚಿ ಬಿದ್ದ ರಬ್ಬರ್ ವಾಷರ್. ಹಿಡಿ ಎಷ್ಟು ತಿರುಗಿಸಿದರೂ ಅದು ದಾರಿಗೆ ಅಡ್ಡ ಕುಳಿತೇ ಇರುತ್ತದೆ. ಸುತ್ತ ತುಕ್ಕಿನ ಕೆಸರು ಬೇರೆ. ನಮ್ಮ ಮುರಕಲ್ಲಿನ ನೆಲದ ನೀರಿಗೆ ತುಸು ಹುಳಿ ಗುಣವಿದೆ, ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪನ್ನು ಅದು ಸುಮ್ಮನೆ ಬಿಡುವುದಿಲ್ಲ. ನೀರು ಬಿಸಿಯಾದರೆ ತುಕ್ಕಿಗೆ ಇನ್ನೂ ಅವಸರ. ಹಿತ್ತಿಲಿನ ಬಿಂಬುಳಿ ಎಂಬ ಹುಳಿಕಾಯಿಯನ್ನು ಜಜ್ಜಿ ಹಿತ್ತಾಳೆಯ ಒಳಭಾಗಕ್ಕೆ ಹತ್ತು ನಿಮಿಷ ಮೆತ್ತಿಟ್ಟು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ಬಿಂಬುಳಿಯ ಆಕ್ಸಾಲಿಕ್ ಆಮ್ಲ ತುಕ್ಕನ್ನು ಕರಗಿಸುತ್ತದೆ, ಆದರೆ ಹೊರಗಿನ ಹೊಳಪಿಗೆ ತಾಗಿಸಬೇಡಿ, ಮಂಕಾಗುತ್ತದೆ. ವಾಷರನ್ನು ಅಂಗಡಿಗೆ ಒಯ್ದು ಅದೇ ಅಳತೆಯ, ಬಿಸಿನೀರಿಗೆ ತಾಳುವಂಥದ್ದನ್ನೇ ಕೇಳಿ ತನ್ನಿ.

ಕಾಕ್ ಚೊಕ್ಕಟವಾಗಿದ್ದೂ ನೀರು ಬಾರದಿದ್ದರೆ ಗೋಡೆಯೊಳಗಿನ ಪೈಪೇ ಕಟ್ಟಿರಬಹುದು. ಅದು ಪ್ಲಂಬರಿನ ಪಾಲಿನ ಕೆಲಸ. ಹೊಸ ಲೈನಿಗೆ ಬಿಸಿನೀರು ತಾಳುವ ಪ್ಲಾಸ್ಟಿಕ್ ಪೈಪಾದ ಸಿಪಿವಿಸಿ ಹಾಕಿಸಿ. ಸಾದಾ ಪಿವಿಸಿ ಬಿಸಿನೀರಿಗೆ ಮೆತ್ತಗಾಗುತ್ತದೆ.

ಮರಳಿ ಜೋಡಿಸುವಾಗ ಜಾಲರಿಯನ್ನು ಕಡೆಗೆ ಹಾಕಿ. ಮೊದಲು ಮುಚ್ಚಿದ್ದ ಗೀಸರಿನ ವಾಲ್ವ್ ತೆರೆದು, ಬರಿಯ ಮೂತಿಯಿಂದ ಬಿಸಿ ಕಡೆಯ ನೀರನ್ನು ಒಂದೆರಡು ನಿಮಿಷ ಹರಿಯಬಿಡಿ. ಕೆಂಪು ಹೋಗಿ, ಗಾಳಿಯ ಪುಸಪುಸ ನಿಂತು, ನೀರು ಒಂದೇ ಸಮನೆ ಬರತೊಡಗಿದ ಮೇಲೆ ಮಾತ್ರ ಎಂಸಿಬಿ ಏರಿಸಿ.