‘ಕೀಬೋರ್ಡ್ ವಾದಕ’ ಎಂದು ಯಾರನ್ನು ಕರೆಯಬೇಕು?

ಸಂಗೀತ ಕಾರ್ಯಕ್ರಮಗಳ ಆಹ್ವಾನಪತ್ರಿಕೆಯ ಕರಡು ತಿದ್ದುವಾಗ ನಾನು ತಡೆದು ನಿಲ್ಲುವುದು ‘ಕೀಬೋರ್ಡ್ ವಾದಕ’ ಎಂಬ ಮಾತಿನ ಬಳಿ. ಒಮ್ಮೆ ಹಿಂದೂಸ್ತಾನಿ ಗಾಯನಕ್ಕೆ ಹಾರ್ಮೋನಿಯಂ ಸಾಥ್ ನೀಡಲಿದ್ದ ಹಿರಿಯರ ಹೆಸರಿನ ಮುಂದೆಯೂ ಅದನ್ನೇ ಬರೆದಿದ್ದರು. ಬೆರಳಿನಿಂದ ಒತ್ತುವ ಕಪ್ಪು ಬಿಳಿ ಪಟ್ಟಿಗಳು, ಅಂದರೆ ‘ಮನೆ’ಗಳು, ಇರುವುದೆಲ್ಲ ಕೀಬೋರ್ಡ್ ಎಂಬುದು ಬರೆದವರ ಎಣಿಕೆ.

ಮೊದಲು ‘ವಾದಕ’ ಪದವನ್ನು ನೋಡೋಣ. ‘ವದ್’ ಎಂದರೆ ಮಾತನಾಡು. ಅದರ ಪ್ರೇರಣಾರ್ಥಕ ರೂಪದಿಂದ ಬಂದ ‘ವಾದಕ’ ಎಂದರೆ ವಾದ್ಯವನ್ನು ಮಾತನಾಡಿಸುವವನು. ಕನ್ನಡದ ‘ನುಡಿಸು’ ಕೂಡ ಇದನ್ನೇ ಹೇಳುತ್ತದೆ ಎಂಬುದು ನನಗೆ ಇಂದಿಗೂ ಸೋಜಿಗ. ಆದ್ದರಿಂದ ಬರಹದಲ್ಲಿ ‘ಕೀಬೋರ್ಡ್ ನುಡಿಸಿದರು’ ಎನ್ನುವುದೇ ಲೇಸು. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಪೇಟಿಯನ್ನೂ, ಅಂದರೆ ಹಾರ್ಮೋನಿಯಂ ಅನ್ನೂ, ‘ಬಾರಿಸುತ್ತಾರೆ’. ಅದು ತಪ್ಪಲ್ಲ, ಆದರೆ ಅಚ್ಚಿನಲ್ಲಿ ‘ಬಾರಿಸು’ ಎಂದೊಡನೆ ಓದುಗರಿಗೆ ತಬಲಾ, ಮೃದಂಗಗಳೇ ನೆನಪಾಗುತ್ತವೆ.

ಯುರೋಪಿನಲ್ಲಿ ಮನೆಗಳಿರುವ ವಾದ್ಯಗಳಿಗೆಲ್ಲ ಒಂದೇ ಹೆಸರು ಬೇಕಾಗಿತ್ತು, ಏಕೆಂದರೆ ಒಬ್ಬನೇ ಸಂಗೀತಗಾರ ಚರ್ಚಿನಲ್ಲಿ ಆರ್ಗನ್, ಅರಮನೆಯಲ್ಲಿ ಹಾರ್ಪ್ಸಿಕಾರ್ಡ್, ಮನೆಯಲ್ಲಿ ಕ್ಲಾವಿಕಾರ್ಡ್ ನುಡಿಸುತ್ತಿದ್ದ. ಜರ್ಮನ್ ಸಂಗೀತ ರಚನಕಾರ ಬಾಖ್ 1722ರಲ್ಲಿ ತನ್ನ ಕೃತಿಸಂಗ್ರಹವೊಂದರ ಹೆಸರಿನಲ್ಲಿ ಬಳಸಿದ ‘ಕ್ಲಾವಿಯರ್’ ಎಂಬ ಜರ್ಮನ್ ಮಾತು ಹೀಗೆ ಮನೆಗಳಿರುವ ಯಾವ ವಾದ್ಯಕ್ಕಾದರೂ ಸಲ್ಲುತ್ತಿತ್ತು. ನಮ್ಮಲ್ಲಿ ಹಾಗಾಗಲಿಲ್ಲ. ಪ್ಯಾರಿಸಿನಲ್ಲಿ 1840ರ ದಶಕದಲ್ಲಿ ರೂಪುಗೊಂಡ ಹಾರ್ಮೋನಿಯಂ ಕಲ್ಕತ್ತೆಯಲ್ಲಿ ಕೈತಿದಿಯ ಪೆಟ್ಟಿಗೆಯಾಗಿ, ನಾಟಕ ಕಂಪನಿಗಳಲ್ಲಿ ‘ಪೇಟಿ ಮಾಸ್ತರ’ ಎಂಬ ಗೌರವದ ಹೆಸರನ್ನೂ ಹುಟ್ಟಿಸಿತು. ಸ್ವರವನ್ನು ತೂಗುವ ಗಮಕ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡುಗಳನ್ನು ಹೊರಡಿಸಲಾರದೆಂಬ ಆಕ್ಷೇಪದಿಂದ ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ದೂರವಿಟ್ಟಿದ್ದಾಗಲೂ ಬೆಳಗಾವಿಯ ರಾಮ ಬಿಜಾಪುರೆಯವರಂಥವರು ಅದರಲ್ಲೇ ಹೆಸರು ಮಾಡಿದರು. ವಿದ್ಯುತ್ ವಾದ್ಯ ಬಂದದ್ದು ಆಮೇಲೆ; ‘ಕೀಬೋರ್ಡ್’ ಎಂಬ ಹೆಸರು ಕನ್ನಡದಲ್ಲಿ ಅದಕ್ಕಷ್ಟೇ ಅಂಟಿಕೊಂಡಿತು.

ಹಾಗಾಗಿ ರಸಮಂಜರಿ, ಸುಗಮ ಸಂಗೀತ, ಚಲನಚಿತ್ರ ಗೀತೆಗಳಲ್ಲಿ ವಿದ್ಯುತ್ ವಾದ್ಯ ನುಡಿಸುವವರನ್ನು ಮಾತ್ರ ‘ಕೀಬೋರ್ಡ್ ವಾದಕರು’ ಎನ್ನಿ. ತಿದಿಯೊತ್ತಿ ಗಾಳಿಯಿಂದ ರೀಡುಗಳೆಂಬ ಲೋಹದ ತೆಳುಪಟ್ಟಿಗಳನ್ನು ಕಂಪಿಸುವಂತೆ ಮಾಡುವವರು ಹಾರ್ಮೋನಿಯಂ ವಾದಕರು. ಸುತ್ತಿಗೆಗಳಿಂದ ತಂತಿಗಳನ್ನು ತಾಡಿಸುವ ವಾದ್ಯದವರು ಪಿಯಾನೊ ವಾದಕರು. ಎಲ್ಲರನ್ನೂ ಒಟ್ಟಾಗಿ ಹೇಳಲೇಬೇಕಾದಾಗ ‘ಮನೆಗಳಿರುವ ವಾದ್ಯಗಳನ್ನು ನುಡಿಸುವವರು’ ಎಂದು ಬಿಡಿಸಿಯೇ ಬರೆಯಿರಿ. ಗಾಯಕರು ‘ನನ್ನದು ಐದು ಮನೆ ಶ್ರುತಿ’ ಎನ್ನುವಲ್ಲಿರುವುದೂ ಇದೇ ‘ಮನೆ’. ‘ಕೀಲಿಮಣೆ ವಾದಕ’ ಎಂಬ ಅನುವಾದವಂತೂ ಬೇಡವೇ ಬೇಡ. ಕೀಲಿಮಣೆ ಗಣಕಯಂತ್ರದ ಪಾಲಾಗಿದೆ, ಓದಿದವರು ಬೆರಳಚ್ಚುಗಾರರನ್ನು ಹುಡುಕಿಯಾರು.

ಮಹಿಳೆಯರಿಗೆ ‘ವಾದಕಿ’ ರೂಢಿಯಲ್ಲಿದೆ. ‘ವಾದಕರು’ ಎಂಬ ಗೌರವ ರೂಪ ಇಬ್ಬರಿಗೂ ಒಪ್ಪುತ್ತದೆ. ಆಹ್ವಾನಪತ್ರಿಕೆಯಲ್ಲಿ ಜಾಗ ಕಡಿಮೆಯಿದ್ದರೆ ‘ಕೀಬೋರ್ಡ್‌ನಲ್ಲಿ’ ಎಂದು ಬರೆದು ಹೆಸರು ಸೇರಿಸಿದರೆ ಸಾಕು. ಒಬ್ಬರೇ ಕೀಬೋರ್ಡ್, ಹಾರ್ಮೋನಿಯಂ ಎರಡನ್ನೂ ಬಲ್ಲವರಾದರೆ, ಅಂದು ವೇದಿಕೆಯ ಮೇಲೆ ಅವರ ಮುಂದೆ ಯಾವುದನ್ನು ಇಡಲಾಗುತ್ತದೆ ಎಂದು ಕೇಳಿಕೊಂಡೇ ಅಚ್ಚಿಗೆ ಕಳುಹಿಸಿ.