ಸೂಜಿಯಿಂದ ವರ್ಣತಂತು ಎಳೆಯುವ ಕೆಲಸ

ಕೋಶ ವಿಭಜನೆಯ ಚಿತ್ರಗಳಲ್ಲಿ ವರ್ಣತಂತುಗಳು ಸಾಲಾಗಿ ನಿಂತು ಎರಡು ಪಾಲಾಗುವುದನ್ನು ನೋಡಿದರೆ ಎಲ್ಲ ಸಲೀಸು ಅನ್ನಿಸುತ್ತದೆ. ಜೀವಂತ ಕೋಶದಲ್ಲಿ ಗಂಟೆಗಟ್ಟಲೆ ಕಣ್ಣಿಟ್ಟು ಕೂತವರಿಗೆ ಹಾಗನ್ನಿಸುವುದಿಲ್ಲ. ಕೋಶದ ಎರಡು ತುದಿಗಳಿಂದ, ಅಂದರೆ ಧ್ರುವಗಳಿಂದ, ಬರುವ ಕದಿರೆಳೆಗಳು ವರ್ಣತಂತುಗಳನ್ನು ಹಿಡಿದು ಎಳೆಯುತ್ತವೆ. ಅಲ್ಲಿ ಹಿಡಿತ ತಪ್ಪುತ್ತದೆ, ಬಿಡುತ್ತದೆ, ಮತ್ತೆ ಸಿಗುತ್ತದೆ. ಸರಿಯಾದ ಹಿಡಿತ ಯಾವುದೆಂದು ಕೋಶಕ್ಕೆ ಗೊತ್ತಾಗುವುದು ಹೇಗೆ ಎನ್ನುವುದೇ ನನ್ನ ಪ್ರಶ್ನೆಯಾಗಿತ್ತು.

ನಾನು ಆರಿಸಿಕೊಂಡದ್ದು ಗಂಡು ಮಿಡತೆಯ ವೃಷಣದ ಕೋಶಗಳನ್ನು. ಹಲವು ಜಾತಿಯ ಮಿಡತೆಗಳಲ್ಲಿ ಮೊದಲ ಮಿಯಾಸಿಸ್ (ವೀರ್ಯಾಣು ತಯಾರಾಗುವಾಗಿನ ವಿಭಜನೆ) ಹೊತ್ತಿಗೆ 11 ಜೋಡಿ ವರ್ಣತಂತುಗಳು, ಜೊತೆಗೊಂದು ಒಂಟಿ ಎಕ್ಸ್ ಎಂಬ ಲಿಂಗ ವರ್ಣತಂತು, ಅಷ್ಟೇ. ದಪ್ಪಗಿರುವುದರಿಂದ ಬಣ್ಣ ಹಾಕದೆಯೇ ಫೇಸ್ ಕಾಂಟ್ರಾಸ್ಟ್ ಸೂಕ್ಷ್ಮದರ್ಶಕದಲ್ಲಿ ಎದ್ದು ಕಾಣುತ್ತವೆ. ಇವನ್ನು ಸೂಜಿಯಿಂದ ಆಡಿಸುವ ವಿದ್ಯೆಯನ್ನು ಹದಕ್ಕೆ ತಂದವರು ಡ್ಯೂಕ್ ವಿಶ್ವವಿದ್ಯಾಲಯದ ಬ್ರೂಸ್ ನಿಕ್ಲಾಸ್.

ಕವರ್‌ಸ್ಲಿಪ್ ಮೇಲೆ ಹ್ಯಾಲೋಕಾರ್ಬನ್ ಎಣ್ಣೆಯ ಅಡಿಯಲ್ಲಿ ವೃಷಣದ ನಾಳವನ್ನು ಸೀಳಿದರೆ ಕೋಶಗಳು ಗಾಜಿಗಂಟಿ ತೆಳ್ಳಗೆ ಹರಡಿಕೊಳ್ಳುತ್ತವೆ, ಒಣಗುವುದಿಲ್ಲ. ಸೂಜಿ ಇಳಿಯುವುದೂ ಎಣ್ಣೆಯ ಮೂಲಕವೇ. ಗಾಜಿನ ಕಡ್ಡಿಯನ್ನು ಕಾಯಿಸಿ ಎಳೆದು ಮಾಡಿದ ಇದರ ತುದಿ ಒಂದು ಮೈಕ್ರೋಮೀಟರಿಗಿಂತ ಸಣ್ಣದು. ತೀರಾ ಸಪೂರವಾದರೆ ಬಾಗಿಬಿಡುತ್ತದೆ, ದಪ್ಪವಾದರೆ ಕೋಶ ಉಳಿಯುವುದಿಲ್ಲ. ನಿಜ ಹೇಳಬೇಕೆಂದರೆ ಪ್ರಯೋಗಕ್ಕಿಂತ ಸೂಜಿಯೇ ಹೆಚ್ಚು ಸಮಯ ತಿನ್ನುತ್ತದೆ. ಪೊರೆಯನ್ನು ಚುಚ್ಚುವಂತಿಲ್ಲ. ಮೆತ್ತಗೆ ಒತ್ತಿದರೆ ಪೊರೆ ಸೂಜಿಯೊಂದಿಗೇ ಒಳಕ್ಕೆ ತಗ್ಗುತ್ತದೆ, ವರ್ಣತಂತು ಆ ತಗ್ಗಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ.

ಒಂದು ಜೋಡಿಯನ್ನು ಹೀಗೆ ಎಳೆದು ಕದಿರೆಳೆಗಳಿಂದ ಬಿಡಿಸಿಕೊಳ್ಳುತ್ತೇನೆ. ಆಮೇಲೆ ಅದರ ಎರಡೂ ಕೈನೆಟೋಕೋರ್‌ಗಳು (ವರ್ಣತಂತುವಿನಲ್ಲಿ ಕದಿರೆಳೆ ಅಂಟುವ ಜಾಗಗಳು) ಒಂದೇ ಧ್ರುವಕ್ಕೆ ಮುಖ ಮಾಡುವಂತೆ ಬಾಗಿಸಿ ಬಿಡುತ್ತೇನೆ. ಸ್ವಲ್ಪ ಹೊತ್ತಿಗೆ ಎರಡೂ ಆ ಧ್ರುವಕ್ಕೇ ಅಂಟಿಕೊಳ್ಳುತ್ತವೆ. ಶುದ್ಧ ತಪ್ಪು ಹಿಡಿತ; ಒಂದೊಂದು ಎದುರುಬದುರು ಧ್ರುವವನ್ನು ಹಿಡಿಯಬೇಕಿತ್ತು. ಸುಮ್ಮನಿದ್ದರೆ ಒಂದು ಕೈನೆಟೋಕೋರ್ ಹಿಡಿತ ಸಡಿಲಿಸಿ, ಹೊರಳಿ, ಎದುರಿನ ಧ್ರುವವನ್ನು ಹಿಡಿಯುತ್ತದೆ. ಅದರ ಬದಲು ಸೂಜಿಯನ್ನು ಸಿಕ್ಕಿಸಿ ಎದುರು ದಿಕ್ಕಿಗೆ ಬಿಗಿಯಾಗಿ ಎಳೆದು ಹಿಡಿದರೆ? ತಪ್ಪು ಹಿಡಿತವೇ ಗಟ್ಟಿಯಾಗಿ ನಿಲ್ಲುತ್ತದೆ. ಎಳೆತ ಇರುವವರೆಗೂ ಕೋಶ ಅದನ್ನು ತಿದ್ದುವುದಿಲ್ಲ, ಸೂಜಿ ಎತ್ತಿದರೆ ತಿದ್ದುವಿಕೆ ಶುರು. ನಿಕ್ಲಾಸ್ ಮತ್ತು ಕಾಖ್ 1969ರಲ್ಲಿ ತೋರಿಸಿದ್ದು ಇದನ್ನೇ. ಓದಿ ಗೊತ್ತಿದ್ದರೂ ನನ್ನ ಕೈಯಲ್ಲೇ ನಡೆದಾಗ ಮೈ ಜುಮ್ಮೆಂದಿತು. ಕೋಶ ನೋಡುವುದು ದಿಕ್ಕನ್ನಲ್ಲ, ಬಿಗಿತವನ್ನು. ಎರಡೂ ಕಡೆಯವರು ಜಗ್ಗಿದರೆ ಮಾತ್ರ ಹಗ್ಗಜಗ್ಗಾಟದ ಹಗ್ಗ ಬಿಗಿಯಾಗುತ್ತದಲ್ಲ, ಹಾಗೆ.

ಈ ಎಳೆತವೇನೂ ಕಡಿಮೆಯದಲ್ಲ. ಅನಾಫೇಸ್‌ನಲ್ಲಿ, ಅಂದರೆ ಜೋಡಿಗಳು ಬೇರ್ಪಡುವ ಹಂತದಲ್ಲಿ, ಧ್ರುವದತ್ತ ಸಾಗುವ ವರ್ಣತಂತುವಿಗೆ ಅಡ್ಡವಾಗಿ ಬಾಗುವ ಸೂಜಿ ಇಟ್ಟು, ಅದೆಷ್ಟು ಬಾಗಿತೆಂದು ಅಳೆದು, ತಡೆದು ನಿಲ್ಲಿಸಲು ಸುಮಾರು 700 ಪಿಕೋನ್ಯೂಟನ್ (ಒಂದು ಪಿಕೋನ್ಯೂಟನ್ ಎಂದರೆ ನ್ಯೂಟನ್ನಿನ ಲಕ್ಷ ಕೋಟಿಯಲ್ಲೊಂದು ಪಾಲು) ಬಲ ಬೇಕೆಂದು ನಿಕ್ಲಾಸ್ 1983ರಲ್ಲಿ ಲೆಕ್ಕ ಕೊಟ್ಟರು. ಕೋಶರಸದ ತಡೆಯನ್ನು ಮೀರಿ ಸಾಗಲು ಇದರ ಸಾವಿರದಲ್ಲೊಂದು ಪಾಲೂ ಬೇಡ.

ಬಿಗಿತವಿಲ್ಲದಿದ್ದರೆ ಕೋಶ ವಿಭಜನೆಯನ್ನೇ ತಡೆಹಿಡಿಯುತ್ತದೆಯೇ ಎಂದು ನೋಡಲು ಮಾತ್ರ ಮಿಡತೆ ಒಗ್ಗುವುದಿಲ್ಲ. ಅದರ ಒಂಟಿ ಎಕ್ಸ್ ಹೇಗೂ ಒಂದೇ ಧ್ರುವಕ್ಕೆ ಅಂಟಿರುತ್ತದೆ, ಕೋಶ ಅದಕ್ಕಾಗಿ ಕಾಯದೆ ಮುಂದುವರಿಯುತ್ತದೆ. ಅದಕ್ಕೆ ಮ್ಯಾಂಟಿಸ್ ಎಂಬ ಕೀಟ ಬೇಕು. ಅದರಲ್ಲಿ ಜೋಡಿ ತಪ್ಪಿದ ಎಕ್ಸ್ ಇದ್ದರೆ ಅನಾಫೇಸ್ ಗಂಟೆಗಟ್ಟಲೆ ತಡವಾಗುತ್ತದೆ. ಆ ಎಕ್ಸನ್ನು ಸೂಜಿಯಿಂದ ಎಳೆದು ಹಿಡಿದರೆ ಸುಮಾರು ಒಂದು ಗಂಟೆಯಲ್ಲಿ ಕೋಶ ಮುಂದಕ್ಕೆ ಹೋಗುತ್ತದೆಂದು ಲೀ ಮತ್ತು ನಿಕ್ಲಾಸ್ 1995ರಲ್ಲಿ ತೋರಿಸಿದರು. ಅಷ್ಟು ಹೊತ್ತು ಸೂಜಿ ಅಲುಗದಂತೆ ನಿಲ್ಲಿಸುವುದು ನಿಜಕ್ಕೂ ತಲೆನೋವಿನ ಕೆಲಸ. ಕೋಣೆಯ ಉಷ್ಣತೆ ತುಸು ಏರುಪೇರಾದರೂ ಫೋಕಸ್ ಜಾರುತ್ತದೆ.