ಕೊಟ್ಟಿಗೆಯ ಕಲ್ಲುಗೋಡೆಗೆ ಸಿಮೆಂಟು ಮೆತ್ತಬೇಡಿ

ಅಜ್ಜಂಪುರದ ಸುತ್ತಿನ ಊರುಗಳಲ್ಲಿ ಈಗೊಂದು ಹುಚ್ಚು ಹಿಡಿದಿದೆ. ಅಜ್ಜನ ಕಾಲದ ಕಲ್ಲಿನ ಕೊಟ್ಟಿಗೆ ಸ್ವಲ್ಪ ಮಾಸಿದಂತೆ ಕಂಡರೆ ಸಾಕು, ಪಟ್ಟಣದಿಂದ ಬಂದ ಮಗನೋ ಅಳಿಯನೋ ಸಿಮೆಂಟು ತರಿಸಿ ಮೆತ್ತಿಸಿಬಿಡುತ್ತಾನೆ. ಒಂದೆರಡು ಮಳೆಗಾಲ ಕಳೆಯುವುದರೊಳಗೆ ಗಿಲಾವು ಉಬ್ಬಿ, ಬುಡದಲ್ಲಿ ಉಪ್ಪು ಬಿಟ್ಟುಕೊಂಡು ಉದುರುತ್ತದೆ. ಆಗ ಕಲ್ಲನ್ನು ಬೈಯುತ್ತಾರೆ! ಮಣ್ಣಿನಲ್ಲಿ ಕಟ್ಟಿದ ಗೋಡೆ ನೆಲದ ತೇವವನ್ನೂ ಗಂಜಲದ ಉಪ್ಪನ್ನೂ ಹೀರುತ್ತಲೇ ಇರುತ್ತದೆ. ಆ ತೇವ ಆರಿಹೋಗಲು ದಾರಿ ಬೇಕು. ಸಿಮೆಂಟು ಆ ದಾರಿಯನ್ನು ಕಟ್ಟುತ್ತದೆ, ಸುಣ್ಣ ಕಟ್ಟುವುದಿಲ್ಲ.

ನಮ್ಮದು ಅಮೃತಮಹಲ್ ದನಗಳು ಮೇಯುವ ಹುಲ್ಲುಗಾವಲಾದ ಕಾವಲಿನ ಅಂಚಿನ ಊರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎನ್ನಿಸಿಕೊಂಡಿದ್ದ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು. ಫಿರಂಗಿ ಎಳೆದ ಎತ್ತುಗಳ ತಳಿ ಇದು. ಬ್ರಿಟಿಷರು ಖರ್ಚು ಉಳಿಸಲು 1860ರಲ್ಲಿ ಹಿಂಡನ್ನೇ ಮಾರಿ, ಕೆಲವೇ ವರ್ಷಗಳಲ್ಲಿ ಸೈನ್ಯಕ್ಕೆ ಎತ್ತುಗಳಿಲ್ಲದೆ ಪರದಾಡಿ, ಮತ್ತೆ ಕಲೆಹಾಕಿದರು. ಈ ಹಸುಗಳು ಹಾಲು ಕೊಡುವುದು ಕಡಿಮೆ, ಕರು ಪಕ್ಕದಲ್ಲಿಲ್ಲದಿದ್ದರೆ ತೊರೆಬಿಡುವುದೂ ಇಲ್ಲ. ಅಷ್ಟಿಷ್ಟು ಹಾಲಿನಿಂದ ಸೇರಿಸಿದ ಬೆಣ್ಣೆಯನ್ನು ತುಪ್ಪ ಕಾಯಿಸಲೆಂದು ನಮ್ಮ ಸೊಸೆಯಂದಿರು ದೊಡ್ಡ ಉರಿಯಲ್ಲಿಟ್ಟು ಮೊಬೈಲ್ ನೋಡುತ್ತಾ ಸೀಯಿಸುತ್ತಾರೆ. ಗಸಿ ಕೆಂಪಾಗುವ ಮೊದಲೇ ಇಳಿಸಿ, ಪಾತ್ರೆಯ ಬಿಸಿಗೇ ಉಳಿದದ್ದು ಕಾಯುತ್ತದೆ. ಇಳಿಸಿದ ಮೇಲೆ ಒಂದು ವೀಳ್ಯದೆಲೆ ಹಾಕಿ. ಇರಲಿ, ಗೋಡೆಗೆ ಬರುತ್ತೇನೆ.

ದನ ಕೂಡುವ ಬಯಲು ದೊಡ್ಡಿಯ ಗೋಡೆಗೆ ಗಾರೆಯೇ ಇಲ್ಲ, ಕಲ್ಲಿನ ಮೇಲೆ ಕಲ್ಲು, ಸಂದಿಗೆ ಚಕ್ಕೆ, ಅಷ್ಟೆ. ಅದಕ್ಕೆ ಏನನ್ನೂ ಬಳಿಯಬೇಡಿ. ಬಿದ್ದ ಕಲ್ಲನ್ನು ಅಂದೇ ಎತ್ತಿಟ್ಟು ಚಕ್ಕೆ ಬಡಿಯಿರಿ. ಸಂದಿಯಲ್ಲಿ ಅರಳಿ, ಅತ್ತಿ ಚಿಗುರಿದ್ದರೆ ಬೆರಳುದ್ದ ಇರುವಾಗಲೇ ಕಿತ್ತುಹಾಕಿ.

ಕೊಟ್ಟಿಗೆಯ ಒಳಗೋಡೆಗೆ ಮಾತ್ರ ಸುಣ್ಣ ಬೇಕೇ ಬೇಕು. ದನದ ರಕ್ತ ಹೀರುವ ಉಣ್ಣೆಗಳು ಮೊಟ್ಟೆಯಿಡುವುದು ಗೋಡೆಯ ಬಿರುಕಿನಲ್ಲಿ. ಮೊದಲು ದನದ ಬೆನ್ನಿನ ಎತ್ತರದವರೆಗಾದರೂ ಕೆಮ್ಮಣ್ಣಿಗೆ ಸುಣ್ಣ ಕಲಸಿ ಸಂದಿಗಳನ್ನೆಲ್ಲ ಮುಚ್ಚಿ, ಆರಲು ಬಿಡಿ.

ಸುಣ್ಣದ ವಿಷಯದಲ್ಲಿ ನಮ್ಮ ಅತ್ತೆಯ ಕ್ರಮವನ್ನು ನಾನು ಒಂದಿಷ್ಟೂ ಬದಲಿಸಿಲ್ಲ. ಅಂಗಡಿಯ ಪ್ಯಾಕೆಟ್ ಪುಡಿ ಬೇಡ. ಗಾಳಿ ತಾಗಿ ಅದರ ಕಸುವು ಹೋಗಿರುತ್ತದೆ. ಸುಟ್ಟ ಸುಣ್ಣದ ಕಲ್ಲನ್ನೇ ತನ್ನಿ. ಮಣ್ಣಿನ ಬಾನಿಗೆ ಮೊದಲು ನೀರು ತುಂಬಿ, ಆಮೇಲೆ ಕಲ್ಲನ್ನು ಒಂದೊಂದಾಗಿ ಬಿಡಿ. ಕಲ್ಲಿನ ಮೇಲೆ ನೀರು ಸುರಿಯಬಾರದು, ಮುಖಕ್ಕೆ ಸಿಡಿದರೆ ಕಣ್ಣೇ ಹೋಗುತ್ತದೆ. ಮಕ್ಕಳನ್ನು ಆಚೆ ಕಳಿಸಿ. ಅದು ಕೊತಕೊತ ಕುದಿಯುತ್ತದೆ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಹಾಕಿ ತಳ ಕರಗಿಸಿಕೊಂಡ ಜಾಣರನ್ನೂ ಕಂಡಿದ್ದೇನೆ. ಉದ್ದನೆಯ ಕೋಲಿನಿಂದ ಕಲಕಿ, ತಣಿದ ಮೇಲೆ ಎರಡು ಬೆರಳು ನೀರು ನಿಲ್ಲುವಂತೆ ಮಾಡಿ ಮುಚ್ಚಿಡಿ. ಮಹಾನವಮಿಗೆ ನೆನೆಹಾಕಿದರೆ ದೀಪಾವಳಿಗೆ ಸರಿಯಾಗುತ್ತದೆ. ಇಂದು ನೆನೆಸಿ ನಾಳೆ ಬಳಿಯುತ್ತೇನೆ ಎನ್ನುವವರಿಗೆ ನನ್ನ ಹತ್ತಿರ ಮಾತಿಲ್ಲ.

ಬಳಿಯುವ ದಿನ ಹಳೆಯ ಪಂಚೆಯಲ್ಲಿ ಎರಡು ಸಲ ಸೋಸಬೇಕು. ಅರಳದೆ ಉಳಿದ ಹರಳು ಒಂದೇ ಒಂದು ಸೇರಿಕೊಂಡರೂ, ತಿಂಗಳಾದ ಮೇಲೆ ಗೋಡೆಯಲ್ಲೇ ಅರಳಿ ಸಿಡಿದು ಗುಳಿ ಮಾಡುತ್ತದೆ. ಅತ್ತೆ ಸೋಸಿದ್ದನ್ನು ಬೆರಳುಗಳ ನಡುವೆ ಉಜ್ಜಿ ನೋಡುತ್ತಿದ್ದರು, ಚೂರು ತರಿ ಸಿಕ್ಕರೂ ನನ್ನ ಕೈಗೆ ಮತ್ತೆ ಪಂಚೆ ಬರುತ್ತಿತ್ತು. (ಆಮೇಲೆ ಕೈಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮರೆಯಬೇಡಿ.) ರಾತ್ರಿಯೇ ನೆನೆಸಿದ ಜಾಲಿಯ ಅಂಟನ್ನು ಒಂದು ಹಿಡಿಯಷ್ಟು ಬೆರೆಸಿ. ಮನೆಯ ಗೋಡೆಗಾದರೆ ಉಪ್ಪನ್ನೂ ಹಾಕುತ್ತಾರೆ. ಕೊಟ್ಟಿಗೆಗೆ ಹಾಕಿದರೆ ಉಪ್ಪಿನ ಆಸೆಗೆ ದನ ಗೋಡೆಯನ್ನೇ ನೆಕ್ಕಿ ಮುಗಿಸುತ್ತದೆ.

ಹದ ನೀರುಮಜ್ಜಿಗೆಯಂತೆ ತೆಳ್ಳಗಿರಲಿ. ಗೋಡೆಗೆ ಹಿಂದಿನ ಸಂಜೆ ನೀರು ಚಿಮುಕಿಸಿ, ಬಳಿಯುವ ಮುನ್ನ ಇನ್ನೊಮ್ಮೆ ಚಿಮುಕಿಸಿ. ಒಣಗೋಡೆ ಸುಣ್ಣದ ನೀರನ್ನೆಲ್ಲ ಕುಡಿದು ಬರೀ ಪುಡಿ ಉಳಿಸುತ್ತದೆ. ಮೊದಲ ಬಳಿತ ಹಸಿಯಲ್ಲಿ ಕಾಣುವುದೇ ಇಲ್ಲ, ಹುಡುಗರು ಗಾಬರಿಯಾಗಿ ದಪ್ಪಗೆ ಮೆತ್ತಲು ಶುರುಮಾಡುವುದು ಇಲ್ಲಿಯೇ. ತಾಳ್ಮೆ ಇರಲಿ! ಆರುತ್ತಾ ಆರುತ್ತಾ ಬೆಳ್ಳಗಾಗುತ್ತದೆ. ದಿನಕ್ಕೊಂದರಂತೆ ಮೂರು ಬಳಿತ, ಉರಿಬಿಸಿಲಿಲ್ಲದ ಹೊತ್ತಿನಲ್ಲಿ. ಕತ್ತಾಳೆ ನಾರಿನ ಕುಂಚವನ್ನು ಒಮ್ಮೆ ಅಡ್ಡ, ಒಮ್ಮೆ ಉದ್ದ ಆಡಿಸಿ.

ಮೂರನೆಯದು ಪೂರ್ತಿ ಆರುವವರೆಗೆ ದನಗಳನ್ನು ಹೊರಗೇ ಕಟ್ಟಿ, ಹಸಿ ಸುಣ್ಣ ನಾಲಿಗೆ ಸುಡುತ್ತದೆ. ಬಾನಿಯಲ್ಲಿ ಅಂಟು ಬೆರೆಸದೆ ಉಳಿದದ್ದನ್ನು ಚೆಲ್ಲಬೇಡಿ. ನೀರು ನಿಲ್ಲಿಸಿ ಮುಚ್ಚಿಟ್ಟರೆ ಸಂಕ್ರಾಂತಿಯ ಹೊತ್ತಿಗೆ ಇನ್ನಷ್ಟು ನುಣುಪಾಗಿರುತ್ತದೆ. ನಡುನಡುವೆ ಮುಚ್ಚಳ ತೆಗೆದು, ನೀರು ಇಳಿದಿದ್ದರೆ ತುಂಬಿಸಿಡಿ.